ಕಂಡೂ ಕಾಣದ ಹಾಗೆ

ಮುಂಬೈಗೆ ಬಂದ ಹೊಸತರಲ್ಲಿ ನಾನಿದ್ದದ್ದು ಡೊಂಬಿವಲಿಯ ಒಂದು ಖೋಲಿಯಲ್ಲಿ. ಒಂದೇ ಕೋಣೆ, ಏಳು ಜನ. ಮೂಲೆಯ ಮೋರಿಗೆ ಅಡ್ಡ ಕಟ್ಟಿದ ಹಳೇ ಸೀರೆಯೇ ಬಚ್ಚಲಿನ ಬಾಗಿಲು. ಊರಿಂದ ಕಾಗದ ಬಂದವನು ಅದನ್ನು ಒಡೆದು ಓದುವಾಗ ಉಳಿದ ಆರು ಜನ ಕಿಟಕಿಯ ಕಡೆಗೋ ಸ್ಟವ್ವಿನ ಕಡೆಗೋ ತಿರುಗಿಕೊಳ್ಳುತ್ತಿದ್ದರು. ರಾತ್ರಿ ಯಾರಾದರೂ ಚಾದರದೊಳಗೆ ಅತ್ತರೆ ಬೆಳಿಗ್ಗೆ ಏನಾಯ್ತು ಅಂತ ಯಾರೂ ಕೇಳುತ್ತಿರಲಿಲ್ಲ; ಆವತ್ತಿನ ಮೊದಲ ಗ್ಲಾಸು ಚಹಾ ಮಾತ್ರ ಅವನಿಗೇ ಸಿಗುತ್ತಿತ್ತು. ನಮ್ಮಲ್ಲಿ ಹಿರಿಯರಾಗಿದ್ದ ಕುಂದಾಪುರದ ಕಡೆಯವರೊಬ್ಬರು ನಾನು ಬಂದ ವಾರದಲ್ಲೇ ಹೇಳಿದ್ದರು: "ಇಲ್ಲ್ ಬಾಗ್ಲ್ ಇಲ್ಲ ಮಾರಾಯಾ. ಕಣ್ಣೇ ಬಾಗ್ಲ್. ಮುಚ್ಚೂಕೆ ಕಲ್ತ್ಕೋ."

ವಿಕ್ರಮಾದಿತ್ಯ ಮೋಟ್ವಾನೆಯವರ ‘ಸಿಟಿಆರ್‌ಎಲ್’ ಎಂಬ ಹಿಂದಿ ಚಿತ್ರ ನೋಡಿದ ರಾತ್ರಿ ನನಗೆ ಆ ಖೋಲಿ ನೆನಪಾಯಿತು. 2024ರ ಅಕ್ಟೋಬರ್ 4ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಚಿತ್ರ ಇದು. ಹೆಸರು ಕೀಲಿಮಣೆಯ ಮೂಲೆಯಲ್ಲಿರುವ ಆ ನಾಲ್ಕಕ್ಷರದ ಗುಂಡಿಯದ್ದು; ಬಾಯಲ್ಲಿ ಹೇಳುವಾಗ ‘ಕಂಟ್ರೋಲ್’. ತಂತ್ರಜ್ಞಾನ ಕಂಪನಿಗಳು, ಕಣ್ಗಾವಲು, ಖಾಸಗಿತನ ಕಳೆದುಕೊಳ್ಳುವುದು – ಇವುಗಳ ಬಗ್ಗೆ ಅಮೆರಿಕದಲ್ಲಿ ಬೇಕಾದಷ್ಟು ಚಿತ್ರಗಳು ಬಂದಿವೆ. ಆದರೆ ಇದು ನಮ್ಮ ಬೀದಿಯಲ್ಲೇ ನಡೆಯುವ ಕಥೆ. ಊರು ಬಿಟ್ಟು ಮುಂಬೈಗೆ ಬಂದವರ ಕಥೆ. ಹಾಗಾಗಿ ಇದನ್ನು ಸುಮ್ಮನೆ ನೋಡಿ ಮುಗಿಸೋಕೆ ನನ್ನಿಂದ ಆಗಲಿಲ್ಲ. ಮುಂದೆ ಬರೆಯುವಾಗ ಕಥೆಯ ಕೊನೆಯನ್ನೂ ಹೇಳಬೇಕಾಗುತ್ತದೆ. ಬೇಡ ಅನ್ನುವವರು ಚಿತ್ರ ನೋಡಿಕೊಂಡೇ ಓದಿ.

ಕಥೆ ಇಷ್ಟು. ದೆಹಲಿಯ ನಳಿನಿ ಅವಸ್ಥಿ ಮುಂಬೈಯಲ್ಲಿ ‘ನೆಲ್ಲಾ’ ಆಗಿದ್ದಾಳೆ. ಗೆಳೆಯ ಜೋ ಮಸ್ಕರೇನಸ್ ಜತೆ ಸೇರಿ ತಮ್ಮ ಪ್ರೀತಿಯನ್ನೇ ದಿನಾ ವಿಡಿಯೋ ಮಾಡಿ ಹಾಕುವುದು ಇಬ್ಬರ ಕಸುಬು. ಒಂದು ದಿನ ಅವನಿಗೆ ಆಶ್ಚರ್ಯ ಕೊಡಬೇಕೆಂದು ನೇರಪ್ರಸಾರ ಮಾಡುತ್ತಲೇ ಹೋದವಳು ಅವನನ್ನು ಬೇರೊಬ್ಬಳ ಜತೆ ಕಾಣುತ್ತಾಳೆ. ಅವಳ ಅವಮಾನ ಸಾವಿರಾರು ಜನರ ಎದುರೇ ಆಗುತ್ತದೆ, ಮರುದಿನ ಊರಿಗೆಲ್ಲ ನಗೆಪಾಟಲು. ಆಗ ಅವಳ ಕೈಗೆ ಸಿಗುವುದು ಕೃತಕ ಬುದ್ಧಿಮತ್ತೆಯ ಒಂದು ಸಹಾಯಕ ಆ್ಯಪ್. ಅದಕ್ಕೆ ಅಲೆನ್ ಅಂತ ಹೆಸರು, ಅಪಾರಶಕ್ತಿ ಖುರಾನಾ ಅವರ ಮೆತ್ತನೆಯ ದನಿ. ತನ್ನೆಲ್ಲ ಹಳೇ ಫೋಟೋ, ವಿಡಿಯೋಗಳಿಂದ ಜೋನನ್ನು ಅಳಿಸಿ ಹಾಕು ಎಂದು ಅವಳು ಅದಕ್ಕೆ ಹೇಳುತ್ತಾಳೆ. ಅದು ಅಳಿಸುತ್ತ ಹೋಗುತ್ತದೆ. ಅಷ್ಟರಲ್ಲಿ ನಿಜವಾದ ಜೋ ಕೂಡ ಕಾಣೆಯಾಗುತ್ತಾನೆ.

ಇಡೀ ಚಿತ್ರವನ್ನು ಹೆಚ್ಚುಕಮ್ಮಿ ಲ್ಯಾಪ್‌ಟಾಪಿನ, ಫೋನಿನ, ಸಿಸಿಟಿವಿಯ ಪರದೆಗಳ ಮೂಲಕವೇ ತೋರಿಸಿದ್ದಾರೆ. ಅನೀಶ್ ಚಾಗಂಟಿಯವರ 2018ರ ‘ಸರ್ಚಿಂಗ್’ ನೋಡಿದವರಿಗೆ ಈ ವಿಧಾನ ಹೊಸದಲ್ಲ. ಆದರೆ ಇಲ್ಲಿ ಅದಕ್ಕೊಂದು ಅರ್ಥ ಇದೆ. ನಾವು ನೆಲ್ಲಾಳನ್ನು ಎಲ್ಲಿಂದ ನೋಡುತ್ತಿದ್ದೇವೆ? ಅವಳ ಲ್ಯಾಪ್‌ಟಾಪಿನ ಒಳಗಿಂದ. ಅಂದರೆ ಕಂಪನಿ ಕೂತಿರುವ ಜಾಗದಲ್ಲೇ ನಾವೂ ಕೂತಿದ್ದೇವೆ. ಅವಳು ಎದ್ದು ಹೋದಾಗ, ಬರೀ ಖಾಲಿ ಕುರ್ಚಿ ಕಾಣುವಾಗ, ಅಲೆನ್ ತನ್ನಷ್ಟಕ್ಕೆ ಕೆಲಸ ಶುರುಮಾಡುತ್ತದೆ. ಬಾಣದ ಗುರುತು ಪರದೆಯ ಮೇಲೆ ತಾನೇ ತಾನಾಗಿ ಓಡಾಡುತ್ತದೆ. ಯಾವ ಭೂತದ ಸಿನಿಮಾದಲ್ಲೂ ನಾನು ಹಾಗೆ ಬೆಚ್ಚಿಲ್ಲ. ಬೀಗ ಹಾಕಿ ಹೋದ ಮನೆಯಲ್ಲಿ ಯಾರೋ ಪಾತ್ರೆ ಸರಿಸಿದ ಹಾಗೆ.

ಮೋಟ್ವಾನೆಯವರನ್ನು ಬಲ್ಲವರಿಗೆ ಅವರ ‘ಟ್ರ್ಯಾಪ್ಡ್’ ನೆನಪಿರಬಹುದು. 2017ರಲ್ಲಿ ತೆರೆಗೆ ಬಂತು. ರಾಜ್‌ಕುಮಾರ್ ರಾವ್ ಅದರಲ್ಲಿ ಮುಂಬೈಯ ಒಬ್ಬ ಸಾಮಾನ್ಯ ನೌಕರ. ಅವಸರಕ್ಕೆ ಬಾಡಿಗೆಗೆ ಸಿಕ್ಕ, ಯಾರೂ ವಾಸವಿಲ್ಲದ ಬಹುಮಹಡಿ ಕಟ್ಟಡದ ಫ್ಲ್ಯಾಟಿನಲ್ಲಿ ಅಕಸ್ಮಾತ್ ಸಿಕ್ಕಿಬೀಳುತ್ತಾನೆ. ಕಟ್ಟಡದ ಹೆಸರು ‘ಸ್ವರ್ಗ್’. ನೀರಿಲ್ಲ, ಕರೆಂಟಿಲ್ಲ, ಫೋನು ಸತ್ತಿದೆ. ಕೆಳಗೆ ಲಕ್ಷಾಂತರ ಜನ ಓಡಾಡುತ್ತಿದ್ದಾರೆ, ಇವನ ಕೂಗು ಯಾರಿಗೂ ಕೇಳಿಸುವುದಿಲ್ಲ. ‘ಟ್ರ್ಯಾಪ್ಡ್’ನಲ್ಲಿ ಮುಂಬೈ ಯಾರನ್ನೂ ನೋಡದ ಊರು. ‘ಸಿಟಿಆರ್‌ಎಲ್’ನಲ್ಲಿ ಅದೇ ಮುಂಬೈ, ಆದರೆ ಎಲ್ಲರೂ ಎಲ್ಲವನ್ನೂ ನೋಡುತ್ತಿದ್ದಾರೆ. ಎರಡರಲ್ಲೂ ನಡುವಿರುವ ಮನುಷ್ಯ ಮಾತ್ರ ಒಬ್ಬಂಟಿ. ಒಬ್ಬನೇ ನಿರ್ದೇಶಕ ಏಳೆಂಟು ವರ್ಷಗಳ ಅಂತರದಲ್ಲಿ ಈ ಎರಡು ಚಿತ್ರ ಮಾಡಿರುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ನಮ್ಮ ಮಹಾನಗರಗಳು ಈ ಅವಧಿಯಲ್ಲಿ ಹೇಗೆ ಬದಲಾದವು ಎಂಬುದಕ್ಕೆ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಊರು ಬಿಟ್ಟವರಿಗೆ ಮಹಾನಗರ ಕೊಡುತ್ತಿದ್ದ ದೊಡ್ಡ ಉಡುಗೊರೆ ಸಂಬಳ ಒಂದೇ ಆಗಿರಲಿಲ್ಲ. ಗುರುತಿಲ್ಲದಿರುವ ಸುಖವೂ ಇತ್ತು. ನಮ್ಮ ಶಿರಸಿ ಕಡೆಯ ಹಳ್ಳಿಯಲ್ಲಿ ಬಸ್ಸಿಂದ ಇಳಿದರೆ ಮನೆ ಮುಟ್ಟುವ ಮೊದಲೇ ಸುದ್ದಿ ಮನೆಗೆ ಮುಟ್ಟಿರುತ್ತಿತ್ತು. ಯಾರ ಮಗ, ಯಾವ ಜಾತಿ, ಪರೀಕ್ಷೆಯಲ್ಲಿ ಎಷ್ಟು, ಮದುವೆ ಯಾವಾಗ. ಅದನ್ನೀಗ ದೂರದಿಂದ ನೆನೆದು ‘ಆಹಾ, ಎಂಥಾ ಆತ್ಮೀಯತೆ’ ಅನ್ನುವುದು ಸುಲಭ. ಆದರೆ ಆ ಕಣ್ಣುಗಳಿಂದ ತಪ್ಪಿಸಿಕೊಳ್ಳಲೆಂದೇ ಓಡಿ ಬಂದವರು ಎಷ್ಟು ಜನ! ಜಾತಿಯ ಕಾರಣಕ್ಕೆ ಅಂಗಳದಲ್ಲೇ ನಿಲ್ಲಿಸಿಕೊಂಡವರು, ಇಷ್ಟಪಟ್ಟವರನ್ನು ಮದುವೆಯಾಗಲು ಬಂದವರು, ಗಂಡ ಸತ್ತ ಮೇಲೆ ಹೊಸದಾಗಿ ಬದುಕು ಶುರುಮಾಡಿದ ಹೆಂಗಸರು. ಲೋಕಲ್ ರೈಲಿನಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಆತು ನಿಂತಾಗಲೂ ಯಾರಿಗೂ ಯಾರೂ ಉತ್ತರ ಕೊಡಬೇಕಾಗಿಲ್ಲ – ಈ ಬಿಡುಗಡೆಯೇ ಮುಂಬೈ. ನಳಿನಿ ಇಲ್ಲಿಗೆ ಬಂದು ನೆಲ್ಲಾ ಆದದ್ದು ಬರೀ ಶೋಕಿಗಲ್ಲ. ಬೇರೊಬ್ಬಳಾಗುವುದಕ್ಕೆ ಅವಕಾಶ ಇರುವ ಊರಲ್ಲಿ ಮೊದಲು ಬದಲಾಗುವುದೇ ಹೆಸರು. ಅನನ್ಯಾ ಪಾಂಡೆ ಈ ಪಾತ್ರವನ್ನು ಚೆನ್ನಾಗಿ ಹಿಡಿದಿದ್ದಾರೆ. ಕ್ಯಾಮರಾ ಚಾಲೂ ಇದ್ದಾಗ ನೆಲ್ಲಾ, ಆಫ್ ಆದ ಕ್ಷಣ ನಳಿನಿ. ಭುಜ ಇಳಿಯುತ್ತದೆ, ದನಿ ಇಳಿಯುತ್ತದೆ. ಸಂಭಾಷಣೆ ಬರೆದವರು ಸುಮುಖಿ ಸುರೇಶ್. ಆ ವಯಸ್ಸಿನವರು ನಿಜಕ್ಕೂ ಹೀಗೇ ಮಾತಾಡ್ತಾರೆ ಅಂತ ನಂಬಿಕೆ ಬರುವ ಹಾಗೆ ಬರೆದಿದ್ದಾರೆ.

ಚಿತ್ರದ ಮೊದಲರ್ಧ ಹೀಗೆ ಗಟ್ಟಿಯಾಗಿದೆ. ತೊಂದರೆ ಇರುವುದು ಆಮೇಲೆ. ಜೋ ‘ಮಂತ್ರ’ ಎಂಬ ದೊಡ್ಡ ಕಂಪನಿಯ ಗುಟ್ಟೊಂದನ್ನು ಹಿಡಿದಿದ್ದ, ಅದಕ್ಕೇ ಅವನ ಜೀವ ಹೋಯಿತು ಅಂತ ಗೊತ್ತಾಗುತ್ತದೆ. ನೆಲ್ಲಾ ಅದನ್ನು ಬಯಲಿಗೆಳೆಯ ಹೋದರೆ ಅವಳದ್ದೇ ಮುಖ, ಅವಳದ್ದೇ ದನಿ ಬಳಸಿದ ಕೃತಕ ವಿಡಿಯೋ ಅವಳ ವಿರುದ್ಧ ನಿಲ್ಲುತ್ತದೆ. ಇಲ್ಲಿಂದ ಇದು ನಮಗೆ ಗೊತ್ತಿರುವ ಖಳನಾಯಕನ ಸಿನಿಮಾ. ಕಂಪನಿ ಅಂದರೆ ಕೊಲೆಗಡುಕರ ಕೂಟ ಅಂತಾದ ಕೂಡಲೇ ನೋಡುವವನಿಗೆ ಒಂಥರಾ ನೆಮ್ಮದಿ. ‘ನನ್ನ ಫೋನಿನ ಕಂಪನಿ ಹಾಗೆಲ್ಲ ಕೊಲೆ ಮಾಡಿಸೋದಿಲ್ಲ ಬಿಡು’ ಅಂದುಕೊಂಡು ಅವನು ಆರಾಮಾಗಿ ಮಲಗಬಹುದು. ನಿಜವಾದ ಅಪಾಯ ಅಷ್ಟು ನಾಟಕೀಯವಾಗಿ ಬರುವುದಿಲ್ಲ. ಅದು ನಮ್ಮ ಒಪ್ಪಿಗೆ ಕೇಳಿಯೇ ಒಳಗೆ ಬರುತ್ತದೆ. ದೆಹಲಿಯ ಮನೆಯನ್ನೂ ಚಿತ್ರ ಸರಿಯಾಗಿ ತೋರಿಸಿಲ್ಲ ಅನ್ನುವುದು ನನ್ನ ಇನ್ನೊಂದು ತಕರಾರು. ನಳಿನಿ ಯಾವುದರಿಂದ ಬಿಡಿಸಿಕೊಂಡು ಬಂದಳು ಅಂತ ಗೊತ್ತಾಗಿದ್ದರೆ ಅವಳು ಕಳಕೊಂಡದ್ದರ ತೂಕವೂ ನಮಗೆ ಗೊತ್ತಾಗುತ್ತಿತ್ತು.

ಕೊಲೆ ಇಲ್ಲದೆಯೂ ಇದು ಹೇಗೆ ನಡೆಯುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಕಡೆಯ ಒಬ್ಬ ಹುಡುಗ ಠಾಣೆಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. 2020ರ ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿತು. ಊರಿಗೆ ಹೇಳಲಿಲ್ಲ. ತಂಗಿಯ ಮದುವೆಯ ಮಾತುಕತೆ ನಡೀತಿತ್ತು; ಮನೆಯವರು ಹೆದರಿಕೊಂಡಾರು ಅಂತ ‘ಪಾರ್ಸೆಲ್ ನಡೀತಾ ಇದೆ, ಸಂಬಳ ಬರ್ತಾ ಇದೆ’ ಅನ್ನುತ್ತಿದ್ದ. ಫೋನಿನಲ್ಲೇ ಸಾಲ ಕೊಡುವ ಒಂದು ಆ್ಯಪಿನಿಂದ ಎಂಟು ಸಾವಿರ ತಗೊಂಡ. ಅದು ಕಾಗದಪತ್ರ ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ಫೋನಿನಲ್ಲಿರುವ ನಂಬರುಗಳನ್ನು ನೋಡಬಹುದಾ ಅಂತ ಮಾತ್ರ ಕೇಳಿತು. ಇವನು ಹೂಂ ಅಂದ. ಜಾಮೀನು ಅದೇ ಆಗಿತ್ತು ಅಂತ ಆಮೇಲೆ ತಿಳಿಯಿತು. ಕಂತು ತಪ್ಪಿದ ನಾಲ್ಕನೇ ದಿನ ಅವನ ಫೋಟೋದ ಕೆಳಗೆ ‘ಕಳ್ಳ’ ಎಂದು ಬರೆದ ಸಂದೇಶ ಅವನ ಫೋನಿನಲ್ಲಿದ್ದ ಜನರಿಗೆಲ್ಲ ಹೋಯಿತು. ಊರಿನ ಸೊಸೈಟಿಯ ಸೆಕ್ರೆಟರಿಗೆ, ಹೈಸ್ಕೂಲಿನ ಮಾಸ್ತರರಿಗೆ, ತಂಗಿಯನ್ನು ನೋಡಿ ಹೋಗಿದ್ದ ಮನೆಯವರಿಗೆ. ನನಗೂ ಬಂತು.

ಇದು ಅವನೊಬ್ಬನ ಕಥೆಯಲ್ಲ. ಆ ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಇಂಥ ದೂರುಗಳು ಬಂದವು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ತನ್ನ ಮಾರ್ಗಸೂಚಿಯಲ್ಲಿ, ಸಾಲದ ಆ್ಯಪುಗಳು ಸಾಲಗಾರನ ಫೋನಿನ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೋಗಳಿಗೆ ಕೈ ಹಾಕಬಾರದು ಎಂದು ಹೇಳಬೇಕಾಯಿತು. ಆದರೆ ಅಷ್ಟರಲ್ಲಿ ಆ ಹುಡುಗ ಕಳಕೊಳ್ಳುವುದನ್ನೆಲ್ಲ ಕಳಕೊಂಡಿದ್ದ. ಮದುವೆಯ ಮಾತು ಮುರಿಯಿತು. ಪರವೂರಿನಲ್ಲಿರುವವನ ಖಾಸಗಿತನ ಅಂದರೆ ಇದೇ. ಅವನಿಗೆ ಮುಚ್ಚಿಡುವಂಥ ಪಾಪಕೃತ್ಯ ಏನೂ ಇರುವುದಿಲ್ಲ. ತನ್ನ ಕಷ್ಟವನ್ನು ತಾನೇ, ತನಗೆ ಧೈರ್ಯ ಬಂದ ದಿನ, ತನ್ನ ಬಾಯಿಂದಲೇ ಮನೆಗೆ ಹೇಳುವ ಹಕ್ಕು ಬೇಕಿರುತ್ತದೆ. ‘ಮುಚ್ಚಿಡೋಕೆ ಏನೂ ಇಲ್ಲದವನಿಗೆ ಯಾಕೆ ಹೆದರಿಕೆ’ ಅಂತ ಕೇಳುವವರು ಊರಿಗೆ ಫೋನು ಮಾಡಿ ‘ಎಲ್ಲಾ ಆರಾಮು’ ಅಂತ ಒಂದೇ ಒಂದು ಸಲ ಸುಳ್ಳು ಹೇಳಿದವರಲ್ಲ ಅಂತ ಕಾಣುತ್ತದೆ.

ಈ ವಿಷಯದ ಮೇಲೆ ಬಂದ ಸಾಕ್ಷ್ಯಚಿತ್ರಗಳಲ್ಲಿ ಕಲನ್ ಹೋಬ್ಯಾಕ್ ಅವರ 2013ರ ‘ಟರ್ಮ್ಸ್ ಆ್ಯಂಡ್ ಕಂಡಿಷನ್ಸ್ ಮೇ ಅಪ್ಲೈ’ ಹೆಸರಾದದ್ದು. ನಾವು ಓದದೆ ‘ಒಪ್ಪಿದೆ’ ಎಂದು ಒತ್ತುವ ಕರಾರುಗಳೇ ಅದರ ವಸ್ತು. ಬ್ರಿಟನ್ನಿನ ವಿಡಿಯೋ ಗೇಮ್ ಮಾರುವ ಕಂಪನಿಯೊಂದು 2010ರ ಏಪ್ರಿಲ್ ಒಂದರಂದು ತನ್ನ ಕರಾರಿನಲ್ಲಿ ‘ಗಿರಾಕಿ ತನ್ನ ಆತ್ಮವನ್ನು ನಮಗೆ ಬರೆದುಕೊಡತಕ್ಕದ್ದು’ ಎಂಬ ಷರತ್ತು ಸೇರಿಸಿತ್ತಂತೆ. ಸುಮಾರು 7,500 ಜನ ಒಪ್ಪಿ ಮುಂದೆ ಹೋದರು! ಈ ಚಿತ್ರದ ಕೊನೆಯಲ್ಲಿ ನಿರ್ದೇಶಕ ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ ಮನೆಯ ಮುಂದೆ ಕ್ಯಾಮರಾ ಹಿಡಿದು ಕಾಯುತ್ತಾನೆ. ಜುಕರ್‌ಬರ್ಗ್ ರೆಕಾರ್ಡ್ ಮಾಡಬೇಡಿ ಎಂದು ಕೇಳಿಕೊಳ್ಳುತ್ತಾರೆ. ಕ್ಯಾಮರಾ ಕೆಳಗಿಳಿದ ಮೇಲೆ ಅವರ ಮುಖದಲ್ಲಿ ನಗು ಮೂಡುತ್ತದೆ. ಆದರೆ ನಿರ್ದೇಶಕನ ಕನ್ನಡಕದಲ್ಲಿ ಇನ್ನೊಂದು ಕ್ಯಾಮರಾ ಅಡಗಿರುತ್ತದೆ.

ಈ ದೃಶ್ಯಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಯಾಕೋ ಮನಸ್ಸು ಬರಲಿಲ್ಲ. ಲೋಕದ ಗುಟ್ಟನ್ನೆಲ್ಲ ಮಾರುವ ಮನುಷ್ಯನೂ ತನ್ನ ಮನೆ ಬಾಗಿಲಲ್ಲಿ ಕೇಳಿದ್ದು ನಮ್ಮ ಖೋಲಿಯಲ್ಲಿ ನಾವು ಒಬ್ಬರಿಗೊಬ್ಬರು ಕೊಡುತ್ತಿದ್ದದ್ದನ್ನೇ – ಕಂಡೂ ಕಾಣದ ಹಾಗಿರುವ ಸೌಜನ್ಯ. ಅವನು ಅದಕ್ಕೆ ಅರ್ಹನೋ ಅಲ್ಲವೋ, ಆ ಮಾತು ಬೇರೆ. ಕದ್ದು ನೋಡುವುದು ತಪ್ಪು ಅಂತ ಹೇಳಲು ಹೊರಟ ಸಿನಿಮಾ ಕದ್ದು ನೋಡಿಯೇ ಗೆಲ್ಲಬೇಕಾಯಿತು ಅನ್ನುವುದು ನನಗೆ ಸೋಲಿನ ಹಾಗೆಯೇ ಕಾಣಿಸಿತು.

ಹೋಬ್ಯಾಕ್ ಅವರ ಚಿತ್ರಕ್ಕೊಂದು ನಂಬಿಕೆ ಇದೆ. ಜನರಿಗೆ ಗೊತ್ತಿಲ್ಲ, ಗೊತ್ತಾದರೆ ಆ ಗುಂಡಿ ಒತ್ತುವುದಿಲ್ಲ ಅಂತ. ‘ಸಿಟಿಆರ್‌ಎಲ್’ ಈ ನಂಬಿಕೆಯನ್ನು ಒಪ್ಪುವುದಿಲ್ಲ, ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಅನ್ನಿಸಿದ್ದು ಅದೇ. ಎಲ್ಲ ಮುಗಿದ ಮೇಲೆ ನಳಿನಿ ದೆಹಲಿಗೆ ಮರಳುತ್ತಾಳೆ. ಕಂಪನಿ ಏನು ಮಾಡಿತು, ಹೇಗೆ ಮಾಡಿತು, ಅವಳಿಗೆ ಎಲ್ಲ ಗೊತ್ತು. ನಮಗಿಂತ ಚೆನ್ನಾಗಿ ಗೊತ್ತು. ಆದರೂ ಒಂದು ರಾತ್ರಿ ಅವಳು ಅದೇ ಆ್ಯಪನ್ನು ಮತ್ತೆ ತೆರೆಯುತ್ತಾಳೆ, ಸತ್ತ ಜೋನ ರೂಪವನ್ನೇ ಅದಕ್ಕೆ ಕೊಡುತ್ತಾಳೆ. ಅವಳನ್ನು ಅಲ್ಲಿಗೆ ಎಳೆದು ತಂದದ್ದು ಅಜ್ಞಾನ ಅಲ್ಲ, ಒಂಟಿತನ. ಕಂಪನಿಗಳಿಗೆ ನಮ್ಮ ದಡ್ಡತನಕ್ಕಿಂತ ಇದು ಹೆಚ್ಚು ಲಾಭದ್ದು. ಮಲಾಡಿನ ಬಾಡಿಗೆ ಕೋಣೆಯಲ್ಲೋ ಪುಣೆಯ ಪೀಜಿಯಲ್ಲೋ ರಾತ್ರಿ ಹನ್ನೊಂದಕ್ಕೆ ತಣ್ಣಗಾದ ಡಬ್ಬಿ ಬಿಚ್ಚುವವನಿಗೆ ‘ಊಟ ಆಯ್ತಾ?’ ಅಂತ ಕೇಳುವ ದನಿ ಒಂದು ಬೇಕು. ಅದು ಯಂತ್ರದ್ದಾದರೂ ಸೈ. ಹಿಂದೆಲ್ಲ ಸಂಘದ ಯಕ್ಷಗಾನ, ಭಜನಾ ಮಂಡಳಿ, ರಾತ್ರಿ ಶಾಲೆ, ಕೊನೆಗೆ ಖೋಲಿಯ ಆರು ಜನ ಆ ಜಾಗ ತುಂಬುತ್ತಿದ್ದರು. ಈಗ ಎಲ್ಲರಿಗೂ ಬೇರೆ ಬೇರೆ ಕೋಣೆ, ಬಾಗಿಲು ಮುಚ್ಚಿದೆ, ಕೈಯಲ್ಲಿ ಫೋನು ತೆರೆದಿದೆ.

ಊರಲ್ಲಿದ್ದು ಇದನ್ನು ಓದುತ್ತಿರುವ ನಿಮಗೆ ‘ಇದು ಪೇಟೆಯವರ ಪಾಡು, ನಮಗೇನು’ ಅನ್ನಿಸಬಹುದು. ಒಂದು ಲೆಕ್ಕ ಹೇಳುತ್ತೇನೆ. ಕೇಂಬ್ರಿಡ್ಜ್ ಅನಲಿಟಿಕಾ ಹಗರಣ 2018ರಲ್ಲಿ ಬಯಲಾದಾಗ ಫೇಸ್‌ಬುಕ್ಕೇ ಒಪ್ಪಿಕೊಂಡ ಅಂಕಿ ಇದು: ವ್ಯಕ್ತಿತ್ವ ಪರೀಕ್ಷೆಯ ಆ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು 335 ಜನ. ಅವರ ಮೂಲಕ ಮಾಹಿತಿ ಸೋರಿರಬಹುದಾದ ಭಾರತೀಯರು ಸುಮಾರು 5.62 ಲಕ್ಷ. ಉಳಿದವರು ಏನನ್ನೂ ಒತ್ತಿರಲಿಲ್ಲ, ಯಾವುದಕ್ಕೂ ಹೂಂ ಅಂದಿರಲಿಲ್ಲ. ಯಾರದೋ ಸ್ನೇಹಿತರಾಗಿದ್ದರು, ಅಷ್ಟೇ. ನಮ್ಮ ಆಯಿಯ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು. ಅವಳು ಯಾವ ಆ್ಯಪನ್ನೂ ಕಂಡವಳಲ್ಲ. ಆದರೆ ಅವಳ ಹೆಸರು, ನಂಬರು, ಅವಳು ನನಗೆ ಏನಾಗಬೇಕು ಅನ್ನುವುದು ಎಷ್ಟು ಕಂಪನಿಗಳ ಕಪಾಟಿನಲ್ಲಿದೆಯೋ! ಬರೆದುಕೊಟ್ಟವನು ನಾನು. ಮುಂಬೈಯಲ್ಲಿ ಕೂತು ನಾನೊಂದು ಗುಂಡಿ ಒತ್ತಿದರೆ ಶಿರಸಿಯ ಅಡುಗೆಮನೆಯ ಕಿಟಕಿ ತೆರೆದುಕೊಳ್ಳುತ್ತದೆ. ಸಿನಿಮಾ ಈ ಒಂದು ಸಂಗತಿಯನ್ನು ಮುಟ್ಟಿಯೇ ಇಲ್ಲ. ನೆಲ್ಲಾಳ ಸೋಲು ಅವಳೊಬ್ಬಳದೇ ಆಗಿ ಉಳಿಯುತ್ತದೆ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ನಮ್ಮವರದ್ದೇ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ‘ಸಿಟಿಆರ್‌ಎಲ್’ ಬಿಡುಗಡೆಯಾದ ತಿಂಗಳಲ್ಲೇ, 2024ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಆ ತೀರ್ಪಿನಲ್ಲಿ ನನಗೆ ತುಂಬ ಹಿಡಿಸಿದ ವಿಚಾರ ಒಂದಿದೆ: ಖಾಸಗಿತನ ಜಾಗಕ್ಕೆ ಅಂಟಿಕೊಂಡದ್ದಲ್ಲ, ಮನುಷ್ಯನಿಗೆ ಅಂಟಿಕೊಂಡದ್ದು, ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಡೊಂಬಿವಲಿಯ ಆ ಏಳು ಜನರಿಗೆ ಇದು ತೀರ್ಪು ಬರುವ ಎಷ್ಟೋ ವರ್ಷ ಮೊದಲೇ ಗೊತ್ತಿತ್ತಲ್ಲ! ಗೋಡೆ ಇರಲಿಲ್ಲ, ಬಾಗಿಲು ಇರಲಿಲ್ಲ, ಆದರೂ ಒಬ್ಬೊಬ್ಬನಿಗೂ ಅವನದ್ದೇ ಒಂದು ಕೋಣೆ ಇತ್ತು. ಉಳಿದವರ ಕಣ್ಣು ಕಟ್ಟಿಕೊಟ್ಟ ಕೋಣೆ.

ಆದರೆ ಕಣ್ಣು ಮುಚ್ಚುವುದೇ ದೊಡ್ಡ ಗುಣ ಅಂತ ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ‘ಟ್ರ್ಯಾಪ್ಡ್’ನ ಆ ಮನುಷ್ಯನನ್ನು ಹೆಚ್ಚುಕಮ್ಮಿ ಕೊಂದದ್ದು ಇದೇ ಕಣ್ಣು ಮುಚ್ಚಿದ ಮುಂಬೈ. ಠಾಣೆಯ ಹುಡುಗನ ಸಂದೇಶ ಬಂದಾಗ ನಾನೂ ಹಳೇ ಪಾಠದಂತೆ ಅದನ್ನು ಅಳಿಸಿ, ಕಾಣದವನ ಹಾಗೆ ಇದ್ದೆ. ಅವನಿಗೆ ಮುಜುಗರ ಆಗಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಮೂರು ತಿಂಗಳ ಮೇಲೆ ಸಿಕ್ಕಾಗ ಅವನೇ ಅಂದ: "ನಿಮಗೂ ಬಂದಿತ್ತು ಅಂತ ಗೊತ್ತಿತ್ತು ಅಣ್ಣಾ. ಒಂದು ಫೋನು ಮಾಡ್ತೀರೇನೋ ಅಂತ ಕಾದೆ." ನನಗೆ ತಲೆ ಎತ್ತಲಾಗಲಿಲ್ಲ. ಖೋಲಿಯ ಪಾಠದಲ್ಲಿ ನಾನು ಮುಖ ತಿರುಗಿಸುವುದನ್ನು ಮಾತ್ರ ಕಲಿತಿದ್ದೆ, ಆ ಮೊದಲ ಗ್ಲಾಸು ಚಹಾವನ್ನು ಮರೆತಿದ್ದೆ. ಕಂಪನಿಗೆ ಎಲ್ಲ ಕಾಣುತ್ತದೆ, ಕರುಣೆ ಇಲ್ಲ. ನಮಗೆ ಕರುಣೆ ಇದ್ದರೂ ಕಾಣದವರ ಹಾಗೆ ಇದ್ದುಬಿಡುತ್ತೇವೆ. ನಳಿನಿಯಂಥವರು ಕಂಪನಿಯ ಕೈಗೆ ಬೀಳುವುದು ಈ ಎರಡರ ನಡುವಿನ ಸಂದಿಯಲ್ಲೇ.

ಹಾಗಾಗಿ ‘ಸಿಟಿಆರ್‌ಎಲ್’ ನೋಡಿ. ಕೊಲೆ, ಕಂಪನಿಯ ಒಳಸಂಚು – ಅವನ್ನೆಲ್ಲ ದಾಟಿ ಆ ಕೊನೆಯ ದೃಶ್ಯದವರೆಗೆ ತಾಳ್ಮೆಯಿಂದ ನೋಡಿ. ಆಮೇಲೆ ಪರವೂರಿನಲ್ಲಿರುವ ನಿಮ್ಮ ಮಗನಿಗೋ ತಂಗಿಗೋ ಒಂದು ಫೋನು ಮಾಡಿ. ‘ರಾತ್ರಿ ಎರಡು ಗಂಟೆವರೆಗೆ ಆನ್‌ಲೈನ್ ಇದ್ದೆಯಲ್ಲ, ಎಂತ ಮಾಡ್ತಿದ್ದೆ?’ ಅಂತ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿದರೆ ಸಾಕು.

ಆ ಹುಡುಗ ಈಗ ಬೇರೆ ಹೋಟೆಲಿನಲ್ಲಿದ್ದಾನೆ. ತಂಗಿಯ ಮದುವೆ ಮುಂದಿನ ವರ್ಷ ಬೇರೆ ಕಡೆ ಆಯಿತು. ಹೊಸ ಫೋನು ತಗೊಂಡಿದ್ದಾನೆ. ಅದರಲ್ಲಿ ಊರಿನ ಒಂದು ನಂಬರೂ ಇಲ್ಲ. ಎಲ್ಲವನ್ನೂ ಅಂಗಿ ಜೇಬಿನ ಒಂದು ಚಿಕ್ಕ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ. ಮನೆಗೆ ಮಾತಾಡಬೇಕಾದಾಗ ಡೈರಿ ನೋಡಿ ಒಂದೊಂದೇ ಅಂಕಿ ಒತ್ತುತ್ತಾನೆ.